ದಡದವರ ಲೆಕ್ಕ

ಮೀನುಗಾರರ ಸಂಘದ ಮಹಡಿ. ಮಂಗಳವಾರ, ಗುರುವಾರ,
ಸಂಜೆ ಏಳಕ್ಕೆ. ಹರಾಜುಕಟ್ಟೆಯ ವಾಸನೆ ಮೆಟ್ಟಿಲು ಹತ್ತಿ
ನಮಗಿಂತ ಮೊದಲೇ ಬಂದು ಕೂತಿರುತ್ತದೆ.
ಕೊನೆಯ ಬೆಂಚು ಒಬ್ದುಲಿಯಾಳದು. ಐವತ್ತೊಂದು ವರ್ಷ.
ಪೆನ್ಸಿಲನ್ನು ಅಂಗೈ ತುಂಬ ಹಿಡಿಯುತ್ತಾಳೆ,
ಕಾಗದದಿಂದ ಏನನ್ನೋ ಎಬ್ಬಿ ತೆಗೆಯುವವಳಂತೆ.

ವೃತ್ತದೊಳಗಿರುವ ಕಾರಿಗೋ, ಒಳಬರುವ ಕಾರಿಗೋ
ಮೊದಲ ಹಕ್ಕು? ಅ, ಆ, ಇ.
ಚಿತ್ರವನ್ನು ತಿರುಗಿಸುತ್ತಾಳೆ, ಮತ್ತೆ ತಿರುಗಿಸುತ್ತಾಳೆ.
"ಈ ಡ್ರೈವರ್ ಯಾವ ಕಡೆ ನೋಡ್ತಿದಾನೆ ಟೀಚರ್?
ಮುಖಾನೇ ಬರೆದಿಲ್ಲವಲ್ಲ."

ಮೂರು ಸಲ ಫೇಲು. ಮೂವತ್ತರಲ್ಲಿ ಮೂರು ತಪ್ಪಿಗೆ ಮಾಫಿ;
ಅವಳವು ಹನ್ನೊಂದು, ಹದಿನಾಲ್ಕು, ಮತ್ತೆ ಹನ್ನೊಂದು.
ಭಾವ ತೀರಿಕೊಂಡ ತಿಂಗಳಲ್ಲೇ ಅವನ ವ್ಯಾನೂ ಮಾರಿಹೋಯಿತು.
ಬಂಡೆಯಿಂದ ಹರಾಜಿಗೆ ಒಂಬತ್ತು ಕಿಲೋಮೀಟರು,
ನಾಲ್ಕಕ್ಕೆ ಗಂಟೆ ಹೊಡೆದರೆ ಆ ದಿನದ ಅನ್ನ ಮುಗಿಯಿತು.

ನಾನು ಉಷಿಯಾ. ಗಲೀಸಿಯಾದವಳೇ, ಆದರೆ ಒಳನಾಡು.
ಸಮುದ್ರವನ್ನು ಹದಿನೇಳರಲ್ಲಿ ಕಂಡವಳು, ಬಸ್ಸಿನ ಕಿಟಕಿಯಿಂದ.
ಕಲಿಸುವುದಕ್ಕೆ ನನ್ನ ಬಳಿ ಸರ್ಟಿಫಿಕೇಟಿದೆ,
ಬಣ್ಣದ ಚಕ್ರ ಬರೆದ ಒಂದು ಚಾರ್ಟೂ ಇದೆ:
ಬುದ್ಧಿಯನ್ನು ಹಬ್ಬದ ಕೇಕಿನಂತೆ ಹೋಳು ಮಾಡಿದ್ದು.
ಗೋಡೆಗೆ ಅಂಟಿಸಿದ್ದೆ. ಉಪ್ಪುಗಾಳಿಗೆ ಒಂದು ಮೂಲೆ ಕಳಚಿದೆ.
ಒಬ್ದುಲಿಯಾ ಅದನ್ನೇ ನೋಡುತ್ತ ಒಮ್ಮೆ ಕೇಳಿದಳು,
"ನಿಮಗೆ ಯಾವ ಹೋಳು ಬಂತು?"
ನಾನು ಡಸ್ಟರು ಹುಡುಕಿದೆ.

ಫೆಬ್ರುವರಿಯ ದೊಡ್ಡ ಇಳಿತದ ದಿನ ಕರೆದೊಯ್ದಳು.
ಕರಿಬಂಡೆ, ಅದರ ಸೆರಗಿಗೆ ಕಚ್ಚಿಕೊಂಡ ಪೆರ್ಸೆಬೆಸ್:
ಮುದುಕರ ಹೆಬ್ಬೆರಳಿನಂಥವು, ತುದಿಯಲ್ಲಿ ಹಕ್ಕಿಯುಗುರು,
ಅಲೆ ಹೆಚ್ಚು ಹೊಡೆದಲ್ಲೇ ಹೆಚ್ಚು ರುಚಿ.
ಮೇಲೆ ಅವಳ ಮಗಳು ಹಗ್ಗ ಹಿಡಿದು ಸೂಯಿಂಗ್ ಗಮ್ ಜಗಿಯುತ್ತಿದ್ದಳು.

ಏಳನೆಯ ಅಲೆ ದೊಡ್ಡದಂತೆ, ಎಣಿಸಲಾ? ಎಂದೆ.
"ಅದು ದಡದವರ ಲೆಕ್ಕ," ನಕ್ಕಳು.
"ಎಣಿಸೋಳು ಅಂಕಿ ನೋಡ್ತಾಳೆ, ನೀರು ನೋಡಲ್ಲ."

ಹಾಗಾದರೆ ಏನು ನೋಡಲಿ?
ಹೇಳಲು ಹೋದಳು. ಕೈಯೆತ್ತಿದಳು. ಇಳಿಸಿದಳು.
"ಆ ಮೂರನೇ ಬಂಡೆ ಹಿಂದೆ ನೀರು ಉಸಿರೆಳಕೊಳ್ಳತ್ತಲ್ಲ, ಆಗ...
ಅಲ್ಲ, ಅದಕ್ಕಿಂತ ಚೂರು ಮುಂಚೆ...
ಕಾಲಿಗೆ ಗೊತ್ತಾಗತ್ತೆ ಟೀಚರ್."
ನನ್ನ ಕಾಲಿಗೆ ಚಳಿ ಬಿಟ್ಟು ಬೇರೇನೂ ಗೊತ್ತಾಗಲಿಲ್ಲ.

ಇಳಿದಳು. ಕಬ್ಬಿಣದಲ್ಲಿ ಎರಡೇ ಏಟು,
ಒಂದು ಗೊಂಚಲು ಸೊಂಟದ ಚೀಲಕ್ಕೆ. ಹತ್ತಿದಳು.
ನೀರು ಬಂದು ಅವಳು ನಿಂತಿದ್ದ ಜಾಗವನ್ನು
ಬೆಳ್ಳಗೆ ಒರೆಸಿಹಾಕಿತು.

"ನೀವು ಹೇಳಿ ಈಗ, ಯಾವಾಗ ಇಳೀಲಿ?"
ಈಗ, ಎಂದೆ. ಇಳಿಯದೆ ನಿಂತಳು, ನೀರು ಬಂತು.
ಈಗ? ನೀರು ಬಂತು.
ಅವಳು ಎಣಿಸಲಿಲ್ಲ; ನಾನೇ ಎಣಿಸಿದೆ,
ಹನ್ನೊಂದಕ್ಕೆ ನಿಲ್ಲಿಸಿದೆ.
"ಅಯ್ಯೋ, ಕಣ್ಣೆದುರಿಗೇ ಇದೆಯಲ್ಲ! ಇಷ್ಟೂ ಕಾಣಲ್ವಾ?"
ಆ ದನಿ ನನಗೆ ಚೆನ್ನಾಗಿ ಗೊತ್ತು.
ಮಂಗಳವಾರ, ಗುರುವಾರ, ಸಂಜೆ ಏಳಕ್ಕೆ.

ಮರಳುವಾಗ ಹಗ್ಗ ಸುತ್ತುತ್ತ ಒಂದೇ ಮಾತು ಕೊಟ್ಟಳು:
"ಬೆನ್ನು ಮಾತ್ರ ಕೊಡಬೇಡಿ. ಉಳಿದದ್ದು ಆಮೇಲೆ."

ಆ ವಾರ ಪುಸ್ತಕದ ಕಾರುಗಳಿಗೆಲ್ಲ ಕೂತು ಮುಖ ಬರೆದೆ.
ಹುಬ್ಬು ಗಂಟಿಕ್ಕಿದವನೊಬ್ಬ, ಆಕಳಿಸುವವನೊಬ್ಬ,
ಹಿಂದಿನ ಸೀಟಿನ ಮಗುವನ್ನು ಗದರಿಸುವವಳೊಬ್ಬಳು.
ಒಬ್ದುಲಿಯಾ ಬೆರಳಿಟ್ಟು, ತುಟಿಯಾಡಿಸಿ,
"ಇವಳು ನಿಲ್ಲಲ್ಲ. ನಾನೇ ನಿಲ್ಲಬೇಕು," ಎಂದಳು.
ಸರಿಯುತ್ತರ ಅದೇ. ಕಾರಣ ಮಾತ್ರ ಪುಸ್ತಕದಲ್ಲಿರಲಿಲ್ಲ.

ಪರೀಕ್ಷೆಯ ಪರದೆಯ ಮೇಲೆ ಮುಖಗಳಿರಲಿಲ್ಲ.
ಏಳು ತಪ್ಪು. ಮತ್ತೆ ಫೇಲು.
"ಏಳು!" ಎಂದು ಕೂಗುತ್ತ ಬಂದಳು ಮೆಟ್ಟಿಲಲ್ಲೇ,
ಗೆದ್ದವಳ ಹಾಗೆ, ಕೈಯಲ್ಲಿ ಒದ್ದೆ ಚೀಲ, ನನ್ನ ಪಾಲಿನದು.

ನಾನು ಬೋರ್ಡಿನ ಮೇಲೆ ಬರೆಯುತ್ತಿದ್ದೆ,
ಓರೆಯಾಗಿ ನಿಂತು.
ಈಗೀಗ ಪೂರ್ತಿ ಬೆನ್ನು ತಿರುಗಿಸಲು ಆಗುವುದಿಲ್ಲ.